ಯು, ಯುಎ, ಎ: ಸಿನಿಮಾಕ್ಕೆ ವಯಸ್ಸು ನಿಗದಿಯಾಗುವುದು ಹೇಗೆ?

ಥಿಯೇಟರಿನಲ್ಲಿ ಸಿನಿಮಾ ಶುರುವಾಗುವ ಮೊದಲು ಪರದೆಯ ಮೇಲೆ ಕೆಲವು ಸೆಕೆಂಡು ಒಂದು ಪ್ರಮಾಣಪತ್ರ ನಿಲ್ಲುತ್ತದೆ. ಚಿತ್ರದ ಹೆಸರು, ಭಾಷೆ, ಅವಧಿ, ಅರ್ಜಿ ಹಾಕಿದವರ ಹೆಸರು, ಚಿತ್ರ ನೋಡಿ ಒಪ್ಪಿಗೆ ಕೊಟ್ಟ ಸಮಿತಿಯ ಸದಸ್ಯರ ಹೆಸರುಗಳು ಅದರಲ್ಲಿರುತ್ತವೆ. ಜೊತೆಗೆ ಯು, ಯುಎ ಅಥವಾ ಎ ಎಂಬ ಗುರುತು. ಅಷ್ಟು ಹೊತ್ತಿಗೆ ನಮ್ಮಲ್ಲಿ ಬಹಳ ಜನ ಮೊಬೈಲ್ ಬೆಳಕಿನಲ್ಲಿ ಸೀಟು ಹುಡುಕುತ್ತಿರುತ್ತೇವೆ. ಮಕ್ಕಳನ್ನು ಕರೆದುಕೊಂಡು ಬಂದವರಿಗಂತೂ ಆಗ ಅದನ್ನು ನೋಡಿ ಪ್ರಯೋಜನವಿಲ್ಲ, ಟಿಕೆಟ್ ಕೊಂಡು ಒಳಗೆ ಬಂದಾಗಿದೆ. ಆ ಗುರುತು ಉಪಯೋಗಕ್ಕೆ ಬರಬೇಕಾದದ್ದು ಟಿಕೆಟ್ ಬುಕ್ ಮಾಡುವ ಮುಂಚೆ. ಹಾಗೆ ಬರಬೇಕಾದರೆ ಅದನ್ನು ಯಾರು, ಯಾವ ಲೆಕ್ಕದ ಮೇಲೆ ಕೊಡುತ್ತಾರೆ, ಅದಕ್ಕೆ ಎಷ್ಟು ಬಲ ಇದೆ ಎನ್ನುವುದು ಗೊತ್ತಿರಬೇಕು.

ಬಲದ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಹೆಚ್ಚು ಗೊಂದಲ ಇರುವುದು ಅಲ್ಲೇ. ‘ಯು’ ಅಂದರೆ ಯಾರು ಬೇಕಾದರೂ ನೋಡಬಹುದು. ‘ಎ’ ಅಂದರೆ 18 ವರ್ಷ ತುಂಬಿದವರು ಮಾತ್ರ. ಇದು ಸಲಹೆಯಲ್ಲ, ಕಾನೂನು. 18 ತುಂಬದವರಿಗೆ ‘ಎ’ ಚಿತ್ರ ತೋರಿಸುವುದು 1952ರ ಸಿನಿಮಾಟೋಗ್ರಾಫ್ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಅಪರಾಧ. 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಶಿಕ್ಷೆ ತೋರಿಸಿದವರಿಗೆ, ನೋಡಿದ ಹುಡುಗನಿಗಲ್ಲ. ಅದಕ್ಕೇ ಮಲ್ಟಿಪ್ಲೆಕ್ಸಿನ ಬಾಗಿಲಲ್ಲಿ ಮೀಸೆ ಚಿಗುರುತ್ತಿರುವ ಹುಡುಗರ ಆಧಾರ್ ಕಾರ್ಡ್ ಕೇಳುತ್ತಾರೆ. ‘ಅಪ್ಪ ಅಮ್ಮ ನಾವೇ ಜೊತೆಗಿದ್ದೇವಲ್ಲ’ ಅಂದರೂ ಬಿಡುವುದಿಲ್ಲ, ಬಿಡಲೂಬಾರದು. ‘ಎ’ ಚಿತ್ರದ ಮಟ್ಟಿಗೆ ತಂದೆತಾಯಿಯ ಒಪ್ಪಿಗೆಗೆ ಕಾನೂನಿನಲ್ಲಿ ಜಾಗವೇ ಇಲ್ಲ.

‘ಯುಎ’ ಪೂರಾ ಬೇರೆ. ಅದು ತಂದೆತಾಯಿಗೆ ಕೊಟ್ಟ ಸೂಚನೆ. ಥಿಯೇಟರಿನವರು ಅದರ ಮೇಲೆ ಯಾರನ್ನೂ ತಡೆಯುವ ಹಾಗಿಲ್ಲ. ‘ಯುಎ 16+’ ಅಂದರೆ 16ಕ್ಕಿಂತ ಚಿಕ್ಕವರು ತಂದೆತಾಯಿಯ ಮಾರ್ಗದರ್ಶನದಲ್ಲಿ ನೋಡಬೇಕು ಎಂದು. ನಿಮ್ಮ 9 ವರ್ಷದ ಮಗಳನ್ನು ಅಂಥ ಚಿತ್ರಕ್ಕೆ ಕರೆದುಕೊಂಡು ಹೋದರೆ ಬಾಗಿಲಲ್ಲಿ ಯಾರೂ ನಿಲ್ಲಿಸುವುದಿಲ್ಲ. ಆ ನಿರ್ಧಾರ ನಿಮ್ಮದು ಎಂದು ಕಾನೂನೇ ಹೇಳಿದೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದನ್ನು ತಲೆಕೆಳಗು ಅರ್ಥ ಮಾಡಿಕೊಂಡಿದ್ದಾರೆ: ‘ಒಳಗೆ ಬಿಟ್ಟರು ಅಂದರೆ ಮಕ್ಕಳಿಗೆ ತೊಂದರೆ ಇಲ್ಲ ಅಂತ.’ ಒಳಗೆ ಬಿಟ್ಟದ್ದು ಯೋಚನೆ ಮಾಡುವ ಕೆಲಸ ನಿಮಗೆ ವಹಿಸಿದ್ದರಿಂದ.

ನಾಲ್ಕನೆಯದು ‘ಎಸ್’. ವೈದ್ಯರು, ವಿಜ್ಞಾನಿಗಳಂಥ ನಿರ್ದಿಷ್ಟ ವರ್ಗದವರಿಗೆ ಮಾತ್ರ. ಊರಿನ ಟಾಕೀಸಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ.

ಎರಡರಿಂದ ಆರಕ್ಕೆ

ಸಿನಿಮಾ ತೋರಿಸಲು ಸರ್ಕಾರದ ಒಪ್ಪಿಗೆ ಬೇಕು ಎಂದು ಮೊದಲು ಕಾನೂನು ಮಾಡಿದವರು ಬ್ರಿಟಿಷರು, 1918ರಲ್ಲಿ. 1920ರ ಹೊತ್ತಿಗೆ ಬಾಂಬೆ, ಕಲ್ಕತ್ತಾ, ಮದ್ರಾಸು, ರಂಗೂನಿನಲ್ಲಿ ಸೆನ್ಸಾರ್ ಮಂಡಳಿಗಳು ಬಂದವು. ಅವರ ಚಿಂತೆ ಮಕ್ಕಳ ವಯಸ್ಸಿನದ್ದಲ್ಲ, ಆಳ್ವಿಕೆಯದು. ವಯಸ್ಸಿನ ವಿಂಗಡಣೆ ಬಂದದ್ದು ಸ್ವಾತಂತ್ರ್ಯದ ನಂತರ, 1949ರ ತಿದ್ದುಪಡಿಯಲ್ಲಿ. ಆಗ ಇದ್ದದ್ದು ಎರಡೇ: ಎಲ್ಲರಿಗೂ ಯು, ದೊಡ್ಡವರಿಗೆ ಎ. 1952ರಲ್ಲಿ ಈಗಿನ ಕಾಯ್ದೆ ಬಂತು. ಮೂರು ದಶಕ ಹೀಗೇ ನಡೆಯಿತು. 5 ವರ್ಷದ ಮಗುವಿಗೆ ಹೆದರಿಕೆಯಾಗುವ, 15 ವರ್ಷದವನಿಗೆ ಏನೂ ಅನ್ನಿಸದ ಚಿತ್ರವನ್ನು ಎಲ್ಲಿ ಇಡುವುದು ಎಂಬ ಪ್ರಶ್ನೆಗೆ ಆಗ ಉತ್ತರವೇ ಇರಲಿಲ್ಲ. ಒಂದೋ ಚಿತ್ರಕ್ಕೆ ಕತ್ತರಿ ಹಾಕಿ ‘ಯು’ ಕೊಡಬೇಕು, ಇಲ್ಲವೇ ‘ಎ’ ಕೊಟ್ಟು ಎಲ್ಲ ಮಕ್ಕಳನ್ನೂ ಹೊರಗಿಡಬೇಕು.

1983ರ ಜೂನ್‌ನಲ್ಲಿ ‘ಯುಎ’ ಮತ್ತು ‘ಎಸ್’ ಸೇರಿದವು. ಮಂಡಳಿಗೆ ಕೇಂದ್ರೀಯ ಚಲನಚಿತ್ರ ಪ್ರಮಾಣೀಕರಣ ಮಂಡಳಿ ಎಂಬ ಈಗಿನ ಹೆಸರೂ ಆಗಲೇ ಬಂತು. ಜನ ಇವತ್ತಿಗೂ ‘ಸೆನ್ಸಾರ್ ಆಯ್ತಾ?’ ಎಂದೇ ಕೇಳುತ್ತಾರೆ, ಗಾಂಧಿನಗರದಲ್ಲಿ ನಿರ್ಮಾಪಕರೂ ಹಾಗೇ ಹೇಳುತ್ತಾರೆ. ಆಗಿನ ‘ಯುಎ’ಯ ಅರ್ಥ: 12 ವರ್ಷದೊಳಗಿನ ಮಕ್ಕಳು ತಂದೆತಾಯಿಯ ಮಾರ್ಗದರ್ಶನದಲ್ಲಿ ನೋಡಬೇಕು. ನಡುವಿನ ಚಿತ್ರಗಳೆಲ್ಲ ಬಂದು ಬೀಳುವ ಒಂದೇ ಬುಟ್ಟಿ ಅದಾಯಿತು. ಸ್ವಲ್ಪ ಗದ್ದಲದ ಹಾಸ್ಯ ಚಿತ್ರವೂ ಯುಎ, ಎರಡೂವರೆ ಗಂಟೆ ಮಚ್ಚು ಲಾಂಗು ಬೀಸುವ ಚಿತ್ರವೂ ಯುಎ.

ಇದನ್ನು ಸರಿಮಾಡಬೇಕೆಂದು ಸಮಿತಿಗಳು ಹೇಳುತ್ತಲೇ ಬಂದವು. ನಿರ್ದೇಶಕ ಶ್ಯಾಮ್ ಬೆನೆಗಲ್ ಅಧ್ಯಕ್ಷತೆಯ ಸಮಿತಿ 2016ರಲ್ಲಿ ಯುಎಯನ್ನು 12+ ಮತ್ತು 15+ ಎಂದು ಒಡೆಯಲು ಹೇಳಿತು. ಅದಕ್ಕಿಂತ ದೊಡ್ಡ ಮಾತನ್ನೂ ಹೇಳಿತು: ಮಂಡಳಿಯ ಕೆಲಸ ಮುಖ್ಯವಾಗಿ ವಯಸ್ಸು ಗೊತ್ತುಮಾಡುವುದಾಗಿರಲಿ, ಕತ್ತರಿಸುವುದಲ್ಲ. ಎರಡನೆಯ ಮಾತು ಜಾರಿಗೆ ಬರಲಿಲ್ಲ. ಮೊದಲನೆಯದು ಬೇರೆ ಅಂಕಿಗಳೊಂದಿಗೆ 2023ರ ತಿದ್ದುಪಡಿ ಕಾಯ್ದೆಯಲ್ಲಿ ಬಂತು. ಹೊಸ ನಿಯಮಗಳು 2024ರ ಮಾರ್ಚ್‌ನಲ್ಲಿ ಪ್ರಕಟವಾದವು. ಈಗ ಯುಎ ಮೂರು ಹಂತ: 7+, 13+, 16+. ಯು, ಎ, ಎಸ್ ಸೇರಿಸಿದರೆ ಒಟ್ಟು ಆರು.

ಈ ಬದಲಾವಣೆಯನ್ನು ನಾನು ಮನಸಾರೆ ಒಪ್ಪುತ್ತೇನೆ. ಎರಡನೇ ಕ್ಲಾಸಿನ ಮಗುವಿಗೂ ಎಸ್ಸೆಸ್ಸೆಲ್ಸಿ ಓದುವ ಹುಡುಗನಿಗೂ ಒಂದೇ ಸೂಚನೆ ಕೊಡುವುದರಲ್ಲಿ ಅರ್ಥವಿರಲಿಲ್ಲ. ಇಂಥ ನಡುವಿನ ಮೆಟ್ಟಿಲನ್ನು ಹೊರಗಿನವರು ಬಹಳ ಹಿಂದೆಯೇ ಹಾಕಿಕೊಂಡಿದ್ದರು. ಅಮೆರಿಕದಲ್ಲಿ 1984ರ ಬೇಸಿಗೆಯಲ್ಲಿ ಮಕ್ಕಳು ಕಿಕ್ಕಿರಿದು ನೋಡಿದ ಒಂದೆರಡು ಚಿತ್ರಗಳಲ್ಲಿ ಭೀಕರ ದೃಶ್ಯಗಳಿವೆ ಎಂದು ಪೋಷಕರು ಗಲಾಟೆ ಎಬ್ಬಿಸಿದ ಮೇಲೆ ಅದೇ ಜುಲೈನಲ್ಲಿ ‘ಪಿಜಿ-13’ ಬಂತು. ಬ್ರಿಟನ್ನಿನವರು 1989ರಲ್ಲಿ ‘12’ ಎಂಬ ಹಂತ ತಂದರು.

ಕತ್ತಲ ಕೋಣೆಯಲ್ಲಿ ಐವರು

ಮಂಡಳಿಯ ಮುಖ್ಯ ಕಚೇರಿ ಮುಂಬೈ. ಬೆಂಗಳೂರು ಸೇರಿ ಒಂಬತ್ತು ಕಡೆ ಪ್ರಾದೇಶಿಕ ಕಚೇರಿಗಳಿವೆ. ಕನ್ನಡ ಚಿತ್ರ ಸಾಮಾನ್ಯವಾಗಿ ಬೆಂಗಳೂರಿನಲ್ಲೇ ಪರೀಕ್ಷೆಯಾಗುತ್ತದೆ. ನಿರ್ಮಾಪಕರು ಆನ್‌ಲೈನಿನಲ್ಲಿ ಅರ್ಜಿ ಹಾಕಿ, ಶುಲ್ಕ ಕಟ್ಟಿ, ಕಥಾಸಾರ, ಸಂಭಾಷಣೆ ಮತ್ತು ಹಾಡುಗಳ ಪೂರ್ತಿ ಪಠ್ಯ ಕೊಡಬೇಕು. ಯಾವ ಪ್ರಮಾಣಪತ್ರ ಬೇಕು ಎಂದು ಅವರೇ ಕೇಳುತ್ತಾರೆ. ಚಿತ್ರದಲ್ಲಿ ಎತ್ತು, ಕೋಣ, ಕುದುರೆ, ಆನೆ ಏನಾದರೂ ಇದ್ದರೆ ಪ್ರಾಣಿ ಕಲ್ಯಾಣ ಮಂಡಳಿಯ ಪತ್ರವೂ ಬೇಕು. ಬಿಡುಗಡೆಯ ದಿನಾಂಕ ಘೋಷಿಸಿ ಪೋಸ್ಟರ್ ಅಂಟಿಸಿದ ಮೇಲೆ ಆ ಒಂದು ಪತ್ರಕ್ಕಾಗಿ ನಿರ್ಮಾಪಕರು ಓಡಾಡುವುದು ಹೊಸದೇನಲ್ಲ.

ಕಥಾಚಿತ್ರವಾದರೆ ಅದನ್ನು ನೋಡುವವರು ಐದು ಜನ: ಮಂಡಳಿಯ ಒಬ್ಬ ಪರೀಕ್ಷಣಾಧಿಕಾರಿ, ಸಲಹಾ ಸಮಿತಿಯಿಂದ ನಾಲ್ವರು. ಐವರಲ್ಲಿ ಕನಿಷ್ಠ ಇಬ್ಬರು ಮಹಿಳೆಯರಿರಬೇಕು. ಸಲಹಾ ಸಮಿತಿಯ ಸದಸ್ಯರು ಸಿನಿಮಾದವರೇ ಆಗಿರಬೇಕೆಂದಿಲ್ಲ. ಶಿಕ್ಷಕರು, ವಕೀಲರು, ಪತ್ರಕರ್ತರು, ಸಮಾಜಸೇವೆಯಲ್ಲಿರುವವರು ಇರುತ್ತಾರೆ. ಕೇಂದ್ರ ಸರ್ಕಾರ ಅವರನ್ನು ನೇಮಿಸುತ್ತದೆ. ಪ್ರದರ್ಶನದ ವೇಳೆ ನಿರ್ಮಾಪಕ, ನಿರ್ದೇಶಕರಿಗೆ ಒಳಗೆ ಪ್ರವೇಶವಿಲ್ಲ. ಎರಡು ವರ್ಷ ದುಡಿದು ಮಾಡಿದ ಚಿತ್ರವನ್ನು ಐವರು ಒಳಗೆ ನೋಡುತ್ತಿರುವಾಗ ನಿರ್ದೇಶಕ ಹೊರಗೆ ಕಾಯಬೇಕು. ಮುಗಿದ ಮೇಲೆ ಪ್ರತಿಯೊಬ್ಬ ಸದಸ್ಯರೂ ತಮ್ಮ ಅಭಿಪ್ರಾಯವನ್ನು ಬೇರೆ ಬೇರೆಯಾಗಿ ಬರೆದುಕೊಡಬೇಕು: ಯಾವ ವರ್ಗ, ಯಾಕೆ, ಎಲ್ಲಾದರೂ ಕತ್ತರಿ ಬೇಕೇ. ಆಮೇಲೆ ನಿರ್ದೇಶಕರನ್ನು ಕರೆದು ಮಾತಾಡುತ್ತಾರೆ.

ಒಪ್ಪಿಗೆಯಾಗದಿದ್ದರೆ ಚಿತ್ರ ಪರಿಷ್ಕರಣಾ ಸಮಿತಿಗೆ ಹೋಗುತ್ತದೆ. ಅಲ್ಲಿ ಹೊಸಬರು ಮತ್ತೆ ಮೊದಲಿನಿಂದ ನೋಡುತ್ತಾರೆ. ಅಲ್ಲೂ ಸಮಾಧಾನವಾಗದಿದ್ದರೆ ಮೊದಲು ಮೇಲ್ಮನವಿ ನ್ಯಾಯಮಂಡಳಿ ಎಂದು ಒಂದಿತ್ತು. 2021ರ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿದರು. ಈಗ ನೇರ ಹೈಕೋರ್ಟು. ದೊಡ್ಡ ಸಂಸ್ಥೆಗಳಿಗೆ ಹಿರಿಯ ವಕೀಲರನ್ನು ಇಟ್ಟುಕೊಳ್ಳುವುದು ಕಷ್ಟವಲ್ಲ. ಸಾಲ ಮಾಡಿ 60 ಲಕ್ಷದ ಚಿತ್ರ ಮಾಡಿದ ಹೊಸಬರಿಗೆ ಹೈಕೋರ್ಟ್ ಅಂದರೆ ದೂರದ ಮಾತು, ಕತ್ತರಿ ಒಪ್ಪಿಕೊಂಡು ಮನೆಗೆ ಹೋಗುತ್ತಾರೆ. ಆ ನ್ಯಾಯಮಂಡಳಿಯನ್ನು ತೆಗೆದದ್ದು ತಪ್ಪು ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಸಂಗತಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಡಬ್ ಆದ ಆವೃತ್ತಿಗೆ ಪ್ರತ್ಯೇಕ ಪ್ರಮಾಣಪತ್ರ ಬೇಕು. ಒಂದೇ ಚಿತ್ರ ಕನ್ನಡ, ತೆಲುಗು, ತಮಿಳು, ಹಿಂದಿಯಲ್ಲಿ ಬಂದರೆ ನಾಲ್ಕು ಪ್ರಮಾಣಪತ್ರ. ಬೈಗುಳದ ತೂಕ ಭಾಷೆಯಿಂದ ಭಾಷೆಗೆ ಬೇರೆ ಇರುವುದರಿಂದ ಇದು ಸರಿಯಾದ ಕ್ರಮ. ಪ್ರಮಾಣಪತ್ರ ಸಿಕ್ಕ ಮೇಲೆ ಚಿತ್ರವನ್ನು ಮಂಡಳಿಗೆ ತಿಳಿಸದೆ ಬದಲಿಸುವ ಹಾಗೂ ಇಲ್ಲ. ಬಿಡುಗಡೆಯಾದ ಎರಡನೇ ವಾರ ‘ಹೊಸ ಹಾಡು ಸೇರಿಸಿದ್ದೇವೆ’ ಎಂದು ಜಾಹೀರಾತು ಬಂದರೆ, ಆ ಹಾಡೂ ಮಂಡಳಿಯ ಕಣ್ಣ ಮುಂದೆ ಹಾದು ಬಂದಿರಬೇಕು.

ಒಂದು ಮಚ್ಚಿನ ದೃಶ್ಯ

ಅಕ್ಷರ ಹೇಗೆ ನಿರ್ಧಾರವಾಗುತ್ತದೆ ಎಂದು ತಿಳಿಯಲು ಒಂದೇ ದೃಶ್ಯ ತೆಗೆದುಕೊಂಡು ನೋಡೋಣ. ರೌಡಿಯೊಬ್ಬ ಮಾರ್ಕೆಟ್ಟಿನ ನಡುವೆ ಇನ್ನೊಬ್ಬನನ್ನು ಕೊಚ್ಚಿ ಹಾಕುತ್ತಾನೆ. ಕನ್ನಡ ಪ್ರೇಕ್ಷಕರಿಗೆ ಇದನ್ನು ವಿವರಿಸಬೇಕಿಲ್ಲ.

ಮೊದಲ ರೀತಿ: ಮಚ್ಚು ಕುತ್ತಿಗೆಗೆ ಇಳಿಯುವುದು ಹತ್ತಿರದಿಂದ, ನಿಧಾನಗತಿಯಲ್ಲಿ ಕಾಣುತ್ತದೆ. ರಕ್ತ ಚಿಮ್ಮಿ ಕ್ಯಾಮೆರಾದ ಗಾಜಿಗೆ ಬೀಳುತ್ತದೆ. ಕೊಂದವನು ರಕ್ತ ಒರೆಸಿಕೊಂಡು ನಗುತ್ತಾನೆ, ಹಿನ್ನೆಲೆಯಲ್ಲಿ ಶಿಳ್ಳೆ ಹೊಡೆಸುವ ಸಂಗೀತ. ಇದೇ ರೀತಿ ಚಿತ್ರದುದ್ದಕ್ಕೂ ಬಂದರೆ ‘ಎ’ ಕಡೆಗೆ ವಾಲುತ್ತದೆ. ಎರಡನೇ ರೀತಿ: ಮಚ್ಚು ಎತ್ತಿದ್ದು ಕಾಣುತ್ತದೆ, ಇಳಿದದ್ದು ಕಾಣುವುದಿಲ್ಲ. ಕೆಳಗೆ ಬಿದ್ದವನ ಅಂಗಿ ನೆನೆಯುವುದು ಎರಡು ಸೆಕೆಂಡು ಕಾಣುತ್ತದೆ. ಇದು 16+ ಆಗಬಹುದು. ಮೂರನೇ ರೀತಿ: ಓಡುವ ಜನ, ಉರುಳಿದ ಟೊಮೆಟೊ ಬುಟ್ಟಿ, ದೂರದಿಂದ ಒಂದು ಕೂಗು, ಮರುಕ್ಷಣ ಪೊಲೀಸ್ ಜೀಪು. ಇದು 13+ಗೂ ಇಳಿಯಬಹುದು. ಕಥೆಯಲ್ಲಿ ನಡೆದದ್ದು ಮೂರರಲ್ಲೂ ಒಂದೇ ಕೊಲೆ. ಬದಲಾದದ್ದು ಎಷ್ಟು ತೋರಿಸಿದರು, ಎಷ್ಟು ಹೊತ್ತು ತೋರಿಸಿದರು, ಯಾರ ಪರವಾಗಿ ತೋರಿಸಿದರು ಎನ್ನುವುದು.

ಕೊನೆಯದೇ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ರಕ್ತದ ಪ್ರಮಾಣ ಅಳೆಯುವುದು ಸುಲಭ, ಆದರೆ ಮಕ್ಕಳ ಮೇಲೆ ಪರಿಣಾಮ ಮಾಡುವುದು ಧಾಟಿ. ಕೊಲೆ ಮಾಡಿದವನು ಮರುದಿನ ನಿದ್ದೆ ಬಾರದೆ ಕುಸಿದು ಕೂರುವ ಚಿತ್ರದಲ್ಲಿ ರಕ್ತ ಹೆಚ್ಚಿರಬಹುದು. ಅದೇ ಕೊಲೆಗೆ ಹಾರ ಹಾಕಿ ಮೆರವಣಿಗೆ ಮಾಡುವ ಚಿತ್ರದಲ್ಲಿ ರಕ್ತವೇ ಇಲ್ಲದಿರಬಹುದು. 13 ವರ್ಷದ ಹುಡುಗನಿಗೆ ಯಾವುದು ಹೆಚ್ಚು ಅಪಾಯ? ಮಂಡಳಿಗೆ 1991ರಲ್ಲಿ ಕೊಟ್ಟ ಮಾರ್ಗಸೂಚಿಗಳು ಇಡೀ ಚಿತ್ರವನ್ನು ನೋಡಿ, ಅದರ ಒಟ್ಟು ಪರಿಣಾಮದಿಂದ, ಕಥೆಯ ಕಾಲ ಮತ್ತು ಇಂದಿನ ಸಮಾಜದ ಮಟ್ಟವನ್ನು ಗಮನದಲ್ಲಿಟ್ಟು ತೀರ್ಮಾನಿಸಬೇಕು ಎನ್ನುತ್ತವೆ. ಮಾತು ಒಳ್ಳೆಯದೇ. ಆದರೆ ಕೆಲಸ ನಡೆಯುವುದು ಬಹಳ ಸಲ ಬಿಡಿ ಶಾಟು, ಬಿಡಿ ಪದಗಳ ಮೇಲೆ: ಈ ಬೈಗುಳ ಮ್ಯೂಟ್ ಮಾಡಿ, ಈ ಶಾಟ್ ಅರ್ಧಕ್ಕೆ ಇಳಿಸಿ, ಇಲ್ಲಿ ಬ್ಲರ್ ಮಾಡಿ.

ಹಿಂಸೆ ಒಂದೇ ಅಲ್ಲ. ಲೈಂಗಿಕ ದೃಶ್ಯ, ನಗ್ನತೆ, ಬೈಗುಳ, ಮಾದಕ ವಸ್ತು, ಭಯ ಹುಟ್ಟಿಸುವ ದೃಶ್ಯ ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಮಕ್ಕಳು ನೋಡಿ ಅನುಕರಿಸಬಹುದಾದ ಅಪಾಯಕಾರಿ ಕೆಲಸಗಳನ್ನೂ ನೋಡುತ್ತಾರೆ. ಹೀರೊ ಮಹಡಿಯಿಂದ ಹಾರುವುದು, ಪರೀಕ್ಷೆಯಲ್ಲಿ ಫೇಲಾದ ಹುಡುಗಿ ನೇಣಿಗೆ ದುಪಟ್ಟಾ ಕಟ್ಟುವ ವಿಧಾನವನ್ನು ಬಿಡಿಬಿಡಿಯಾಗಿ ತೋರಿಸುವುದು, ಇಂಥವು. ಎರಡನೆಯದರಲ್ಲಿ ಒಂದು ಹನಿ ರಕ್ತ ಇರುವುದಿಲ್ಲ, ಒಂದು ಕೆಟ್ಟ ಮಾತೂ ಇರುವುದಿಲ್ಲ. ಆದರೂ ಅದು ಚಿಕ್ಕ ಮಕ್ಕಳ ಮುಂದೆ ಬರಬಾರದ ದೃಶ್ಯ. ಇನ್ನು ಸಿಗರೇಟು, ಮದ್ಯದ ದೃಶ್ಯ ಬಂದಾಗ ಕೆಳಗೆ ಬರುವ ಎಚ್ಚರಿಕೆಯ ಸಾಲಿಗೂ ವಯಸ್ಸಿನ ವರ್ಗಕ್ಕೂ ಸಂಬಂಧವಿಲ್ಲ. ಆ ಸಾಲು ‘ಯು’ ಚಿತ್ರದಲ್ಲೂ ಬರಬಹುದು.

ಎರಡು ಪ್ರಶ್ನೆ, ಒಂದೇ ಮೇಜು

ನಮ್ಮ ವ್ಯವಸ್ಥೆಯ ತೊಡಕಿನ ಬೇರು ಇಲ್ಲಿದೆ. ಈ ಐವರ ಮುಂದೆ ಎರಡು ಪ್ರಶ್ನೆಗಳಿರುತ್ತವೆ. ಒಂದು: ಇದನ್ನು ಯಾವ ವಯಸ್ಸಿನವರು ನೋಡಬಹುದು? ಎರಡು: ಇದನ್ನು ತೋರಿಸಬಹುದೇ ಇಲ್ಲವೇ? ಎರಡನೆಯದು ಕಾಯ್ದೆಯ 5ಬಿ ಸೆಕ್ಷನ್ನಿನಿಂದ ಬರುತ್ತದೆ. ದೇಶದ ಸಾರ್ವಭೌಮತೆ, ಭದ್ರತೆ, ವಿದೇಶಗಳೊಡನೆ ಸ್ನೇಹ, ಸಾರ್ವಜನಿಕ ಶಾಂತಿ, ಸಭ್ಯತೆ, ಮಾನಹಾನಿ, ನ್ಯಾಯಾಂಗ ನಿಂದನೆ, ಅಪರಾಧಕ್ಕೆ ಪ್ರಚೋದನೆ ಎಂಬ ಆಧಾರಗಳ ಮೇಲೆ ಮಂಡಳಿ ಪ್ರಮಾಣಪತ್ರ ನಿರಾಕರಿಸಬಹುದು. ಇವಕ್ಕೂ ಪ್ರೇಕ್ಷಕನ ವಯಸ್ಸಿಗೂ ಸಂಬಂಧವೇ ಇಲ್ಲ. ಆದರೂ ಎರಡೂ ಒಂದೇ ಮೇಜಿನ ಮೇಲೆ, ಒಂದೇ ಮಧ್ಯಾಹ್ನ ತೀರ್ಮಾನವಾಗುತ್ತವೆ. ಮಕ್ಕಳ ಹಿತಕ್ಕೆ ಬೇಕಾದ ವಿಂಗಡಣೆಯ ಜೊತೆಗೆ ದೊಡ್ಡವರು ಏನು ನೋಡಬಾರದು ಎಂಬ ತೀರ್ಮಾನವೂ ಒಳಗೆ ಬಂದುಬಿಡುತ್ತದೆ.

ಇದನ್ನು ಮೊದಲು ಸುಪ್ರೀಂ ಕೋರ್ಟಿನವರೆಗೆ ಒಯ್ದವರು ಹಿಂದಿ ಚಿತ್ರಗಳ ನಿರ್ದೇಶಕ, ಲೇಖಕ ಕೆ.ಎ. ಅಬ್ಬಾಸ್. 1968ರಲ್ಲಿ ಅವರು ನಾಲ್ಕು ಮಹಾನಗರಗಳ ಸಿರಿತನ, ಬಡತನವನ್ನು ಎದುರುಬದುರು ಇಟ್ಟು ಒಂದು ಸಾಕ್ಷ್ಯಚಿತ್ರ ಮಾಡಿದರು. ಬಾಂಬೆಯ ವೇಶ್ಯಾವಾಟಿಕೆಯ ಕೆಲವು ದೃಶ್ಯ ಅದರಲ್ಲಿತ್ತು. ಅವರು ಕೇಳಿದ್ದು ‘ಯು’, ಮಂಡಳಿ ಕೊಡಲು ಹೊರಟದ್ದು ‘ಎ’. ಆ ದೃಶ್ಯ ತೆಗೆದರೆ ಮಾತ್ರ ‘ಯು’ ಎಂಬ ಷರತ್ತು ಬಂದಾಗ ಅವರು ನ್ಯಾಯಾಲಯಕ್ಕೆ ಹೋದರು. ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ 1970ರಲ್ಲಿ ತೀರ್ಪು ಕೊಟ್ಟಿತು: ಸಿನಿಮಾ ಮನಸ್ಸನ್ನು ತಟ್ಟುವ ರೀತಿ ಬೇರೆ, ಆದ್ದರಿಂದ ಮುಂಚಿತ ಪರಿಶೀಲನೆಯೂ ವಯಸ್ಸಿನ ವಿಂಗಡಣೆಯೂ ಸಂವಿಧಾನಕ್ಕೆ ವಿರುದ್ಧವಲ್ಲ. ಅಬ್ಬಾಸ್ ತತ್ವದಲ್ಲಿ ಸೋತರು. ಆದರೆ ವಿಚಾರಣೆ ನಡೆಯುತ್ತಿರುವಾಗಲೇ ಸರ್ಕಾರ ಅವರ ಚಿತ್ರಕ್ಕೆ ‘ಯು’ ಕೊಡಲು ಒಪ್ಪಿತ್ತು.

ಅದೇ ವರ್ಷ ಕನ್ನಡದಲ್ಲಿ ಎರಡನೇ ಪ್ರಶ್ನೆ ಎದ್ದಿತ್ತು. ಯು.ಆರ್. ಅನಂತಮೂರ್ತಿ ಅವರ ಕಾದಂಬರಿ ಆಧರಿಸಿ ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ‘ಸಂಸ್ಕಾರ’ಕ್ಕೆ ಮದ್ರಾಸಿನ ಸೆನ್ಸಾರ್ ಮಂಡಳಿ ಒಪ್ಪಿಗೆ ಕೊಡಲಿಲ್ಲ. ಜಾತಿಯ ವಿಷಯ ಗಲಭೆ ಎಬ್ಬಿಸೀತು ಎಂಬ ಭಯ. ಕೊನೆಗೆ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ನಿಷೇಧ ತೆಗೆಯಿತು. ಮುಂದೆ ಅದೇ ಚಿತ್ರ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಕನ್ನಡದಲ್ಲಿ ಹೊಸ ಅಲೆಗೆ ದಾರಿ ತೆರೆದ ಚಿತ್ರ ಮಕ್ಕಳ ವಯಸ್ಸಿನ ಕಾರಣಕ್ಕಲ್ಲ, ದೊಡ್ಡವರು ನೋಡಬಾರದೆಂಬ ಕಾರಣಕ್ಕೆ ಡಬ್ಬದಲ್ಲೇ ಉಳಿಯುವುದರಲ್ಲಿತ್ತು.

ಸಚಿವಾಲಯದ ಆ ಅಧಿಕಾರ ಆಗ ಒಳ್ಳೆಯದಕ್ಕೆ ಬಳಕೆಯಾಯಿತು, ಸರಿ. ಆದರೆ ಮಂಡಳಿ ಒಪ್ಪಿದ ಚಿತ್ರವನ್ನೂ ಸರ್ಕಾರ ತಡೆಯಬಹುದಾದರೆ? ಕನ್ನಡದ ನಿರ್ದೇಶಕ ಕೆ.ಎಂ. ಶಂಕರಪ್ಪ ಇದನ್ನು ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. 1990ರಲ್ಲಿ ಹೈಕೋರ್ಟ್, ಮಂಡಳಿ ತೀರ್ಮಾನಿಸಿದ ಮೇಲೆ ಅದನ್ನು ಸರ್ಕಾರ ಮರುಪರಿಶೀಲಿಸುವುದು ಸಂವಿಧಾನಬಾಹಿರ ಎಂದಿತು. ಕೇಂದ್ರ ಮೇಲ್ಮನವಿ ಹೋಯಿತು. 2000ದ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನೇ ಎತ್ತಿಹಿಡಿಯಿತು. ಪ್ರಮಾಣಪತ್ರ ಸಿಕ್ಕ ಮೇಲೆ ಗಲಾಟೆಯಾಗಬಹುದು ಎಂಬ ನೆಪದಲ್ಲಿ ಚಿತ್ರ ತಡೆಯುವ ಹಾಗಿಲ್ಲ, ಶಾಂತಿ ಕಾಪಾಡುವುದು ಸರ್ಕಾರದ ಹೊಣೆ ಎಂದೂ ಹೇಳಿತು. 2023ರ ತಿದ್ದುಪಡಿಯಲ್ಲಿ ಆ ಅಧಿಕಾರವನ್ನು ಕಾಯ್ದೆಯ ಪುಟದಿಂದಲೂ ತೆಗೆದರು. ಭಾರತದ ಯಾವುದೇ ಭಾಷೆಯ ಚಿತ್ರಕ್ಕೆ ಇವತ್ತು ಸಿಗುವ ಈ ರಕ್ಷಣೆಯ ಹಿಂದೆ ಒಬ್ಬ ಕನ್ನಡ ನಿರ್ದೇಶಕರ ಹೋರಾಟವಿದೆ. ಅವರ ಹೆಸರು ನಮ್ಮಲ್ಲಿ ಇನ್ನೂ ಹೆಚ್ಚು ಕೇಳಿಬರಬೇಕಿತ್ತು.

ಯುಎಗಾಗಿ ಚೌಕಾಸಿ

ನಿರ್ಮಾಪಕರಿಗೆ ಈ ಅಕ್ಷರ ನೇರವಾಗಿ ದುಡ್ಡಿನ ವಿಷಯ. ‘ಎ’ ಬಂದರೆ ಕುಟುಂಬ ಸಮೇತ ಬರುವವರು ಹೋದರು, ಪಿಯುಸಿ ಹುಡುಗರು ಹೋದರು. ಟಿವಿಯಲ್ಲೂ ‘ಎ’ ಚಿತ್ರವನ್ನು ಹಾಗೇ ತೋರಿಸುವಂತಿಲ್ಲ. ಮತ್ತೆ ಕತ್ತರಿಸಿ ಮಂಡಳಿಯಿಂದ ಪ್ರತ್ಯೇಕ ಪ್ರಮಾಣಪತ್ರ ಪಡೆಯಬೇಕು. ಆದ್ದರಿಂದ ಮಂಡಳಿಯ ಕಚೇರಿಯಲ್ಲಿ ಒಂದು ಚೌಕಾಸಿ ನಡೆಯುತ್ತದೆ: ಹೀಗೇ ಇರಲಿ ಅಂದರೆ ‘ಎ’, ಇಷ್ಟು ಕಡೆ ಕತ್ತರಿಸಿದರೆ ‘ಯುಎ’. ಕಾಗದದ ಮೇಲೆ ಆ ಕತ್ತರಿ ನಿರ್ಮಾಪಕರೇ ಒಪ್ಪಿ ಹಾಕಿಕೊಂಡದ್ದು.

2025ರಲ್ಲಿ ತಮಿಳಿನ ‘ಕೂಲಿ’ ಚಿತ್ರಕ್ಕೆ ‘ಎ’ ಸಿಕ್ಕಾಗ ನಿರ್ಮಾಪಕರು ಮದ್ರಾಸ್ ಹೈಕೋರ್ಟಿಗೆ ಹೋದರು. ‘ಕೆಜಿಎಫ್’ನಂಥ ಚಿತ್ರಗಳಿಗೆ ಯುಎ ಸಿಕ್ಕಿರುವಾಗ ತಮಗೇಕೆ ಇಲ್ಲ ಎಂಬುದು ಅವರ ವಾದಗಳಲ್ಲಿ ಒಂದು. ಕತ್ತರಿ ಒಪ್ಪಿದರೆ ಯುಎ ಕೊಡುವುದಾಗಿ ಹೇಳಿದ್ದೆವು, ಅವರು ಒಪ್ಪದೆ ಎ ತೆಗೆದುಕೊಂಡು ಬಿಡುಗಡೆ ಮಾಡಿದರು ಎಂದು ಮಂಡಳಿ ಹೇಳಿತು. ಹೈಕೋರ್ಟ್ ಅರ್ಜಿಯನ್ನು ವಜಾ ಮಾಡಿತು. ಹೋಲಿಕೆಯ ಪ್ರಶ್ನೆ ಮಾತ್ರ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ನಮ್ಮಲ್ಲೇ ನೋಡಿ: 2022ರ ‘ಕೆಜಿಎಫ್ ಚಾಪ್ಟರ್ 2’ ಯುಎ, 2023ರ ‘ಸಲಾರ್’ ಎ. ಎರಡಕ್ಕೂ ಪ್ರಶಾಂತ್ ನೀಲ್ ಅವರೇ ನಿರ್ದೇಶಕರು, ಹೊಂಬಾಳೆಯೇ ನಿರ್ಮಾಣ ಸಂಸ್ಥೆ. ಎರಡರಲ್ಲೂ ಹಿಂಸೆ ಧಾರಾಳವಾಗಿದೆ. ಎರಡನ್ನೂ ನೋಡಿದ ಸಾಮಾನ್ಯ ಪ್ರೇಕ್ಷಕನಿಗೆ ಗೆರೆ ಎಲ್ಲಿ ಬಿತ್ತು ಎಂದು ಹೇಳುವುದು ಕಷ್ಟ. ಬೇರೆ ದಿನ, ಬೇರೆ ಐವರು, ಬೇರೆ ಮನಸ್ಸು. ಮನುಷ್ಯರು ತೀರ್ಮಾನಿಸುವ ಕಡೆ ಈ ವ್ಯತ್ಯಾಸ ಇರುವುದೇ. ಕಾರಣ ಎಲ್ಲರಿಗೂ ಕಾಣುವಂತೆ ಬರೆದಿಟ್ಟರೆ ಮಾತ್ರ ಅದು ಸಹ್ಯವಾಗುತ್ತದೆ.

ಒಟಿಟಿಯಲ್ಲಿ ಈ ಮಂಡಳಿಯೇ ಇಲ್ಲ. 2021ರ ಫೆಬ್ರವರಿಯಲ್ಲಿ ಬಂದ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ವೇದಿಕೆಯವರೇ ತಮ್ಮ ಚಿತ್ರ, ಸರಣಿಗಳನ್ನು ಯು, ಯುಎ 7+, 13+, 16+, ಎ ಎಂದು ವಿಂಗಡಿಸಬೇಕು. 13+ ಮತ್ತು ಮೇಲಿನವಕ್ಕೆ ಪೇರೆಂಟಲ್ ಲಾಕ್ ಕೊಡಬೇಕು, ‘ಎ’ಗೆ ವಯಸ್ಸು ಪರಿಶೀಲಿಸುವ ವ್ಯವಸ್ಥೆ ಇರಬೇಕು. ಥಿಯೇಟರಿನ ಹೊಸ ಅಂಕಿಗಳಿಗೂ ಇವಕ್ಕೂ ಹೊಂದಿಕೆ ಇರುವುದು ಹೀಗೆ. ಎದ್ದು ಕಾಣುವ ವ್ಯತ್ಯಾಸ ಒಂದಿದೆ. ಒಟಿಟಿಯಲ್ಲಿ ಚಿತ್ರ ಶುರುವಾದಾಗ ಮೂಲೆಯಲ್ಲಿ ಹಿಂಸೆ, ಬೈಗುಳ, ಮಾದಕ ವಸ್ತು ಎಂದು ಕಾರಣವೂ ಬರುತ್ತದೆ, ನಿಯಮವೇ ಅದನ್ನು ಕೇಳುತ್ತದೆ. ಥಿಯೇಟರಿನ ಪ್ರಮಾಣಪತ್ರದಲ್ಲಿ ‘ಯುಎ 16+’ ಅಂತ ಇರುತ್ತದೆ, ಯಾಕೆ ಅಂತ ಇರುವುದಿಲ್ಲ.

ವಿದೇಶದಲ್ಲಿರುವ ಕನ್ನಡಿಗರು ಇನ್ನೊಂದು ವಿಷಯ ಗಮನಿಸಬೇಕು. ಬೆಂಗಳೂರಿನ ಅಕ್ಷರ ಅಲ್ಲಿ ನಡೆಯುವುದಿಲ್ಲ. ಬ್ರಿಟನ್ನಿನಲ್ಲಿ ಚಿತ್ರಮಂದಿರಕ್ಕೆ ಬರುವ ಕನ್ನಡ ಚಿತ್ರವನ್ನು 1912ರಿಂದ ಕೆಲಸ ಮಾಡುತ್ತಿರುವ ಅಲ್ಲಿನ ಮಂಡಳಿ ಮತ್ತೆ ನೋಡುತ್ತದೆ. ‘12ಎ’ ಸಿಕ್ಕರೆ ಅದಕ್ಕಿಂತ ಚಿಕ್ಕ ಮಕ್ಕಳು ದೊಡ್ಡವರ ಜೊತೆ ಹೋಗಬಹುದು. ‘15’ ಸಿಕ್ಕರೆ ತಂದೆತಾಯಿ ಜೊತೆಗಿದ್ದರೂ 14 ವರ್ಷದವರಿಗೆ ಪ್ರವೇಶವಿಲ್ಲ. ಊರಿನಲ್ಲಿ ತಮ್ಮನ ಮಕ್ಕಳು ಯುಎ ಎಂದು ನೋಡಿ ಬಂದ ಚಿತ್ರಕ್ಕೆ ಲಂಡನ್ನಿನಲ್ಲಿ ನಿಮ್ಮ ಮಕ್ಕಳನ್ನು ಬಾಗಿಲಲ್ಲೇ ತಡೆಯಬಹುದು. ಜರ್ಮನಿಯಲ್ಲಿ 0, 6, 12, 16, 18 ಎಂಬ ಹಂತಗಳಿವೆ. 12ರ ಚಿತ್ರಕ್ಕೆ ತಂದೆ ಅಥವಾ ತಾಯಿ ಜೊತೆಗಿದ್ದರೆ 6 ವರ್ಷದವರೂ ಹೋಗಬಹುದು, 16ರದಕ್ಕೆ ಅಂಥ ರಿಯಾಯಿತಿ ಇಲ್ಲ. ಅಮೆರಿಕದ ವ್ಯವಸ್ಥೆ 1968ರಿಂದ ಚಿತ್ರೋದ್ಯಮವೇ ನಡೆಸುವಂಥದ್ದು, ಅದು ಸ್ವಯಂಪ್ರೇರಿತ. ಅದನ್ನು ಪಡೆಯದೆಯೇ ಭಾರತೀಯ ಚಿತ್ರಗಳು ಅಲ್ಲಿ ಬಿಡುಗಡೆಯಾಗುವುದುಂಟು. ಅಲ್ಲಿ ಮಕ್ಕಳ ವಿಷಯದಲ್ಲಿ ನಿಮ್ಮ ವಿವೇಚನೆಯೇ ಗತಿ.

ನಮ್ಮ ಮಂಡಳಿಯಿಂದ ನಾನು ಕೇಳುವುದು ದೊಡ್ಡದೇನಲ್ಲ. ಆ ಐವರೂ ತಮ್ಮ ಕಾರಣಗಳನ್ನು ಬರೆದುಕೊಡುತ್ತಾರೆ, ಅಂದರೆ ಮಾಹಿತಿ ಈಗಾಗಲೇ ಕಡತದಲ್ಲಿದೆ. ಅದರಿಂದ ಒಂದು ಸಾಲು ತೆಗೆದು, ‘ಯುಎ 13+: ಸಾವಿನ ದೃಶ್ಯಗಳು, ಕೆಲವು ಬೈಗುಳ’ ಎಂದು ಅಕ್ಷರದ ಪಕ್ಕ ಹಾಕಲಿ. ಪೋಸ್ಟರಿನಲ್ಲೂ ಟಿಕೆಟ್ ಬುಕ್ ಮಾಡುವ ಆಪ್‌ನಲ್ಲೂ ಅದೇ ಸಾಲು ಬರಲಿ, ಕನ್ನಡ ಚಿತ್ರಕ್ಕೆ ಕನ್ನಡದಲ್ಲೇ ಬರಲಿ. ನಾಯಿ ಸಾಯುವುದನ್ನು ನೋಡಲಾರದ ಮಗು ಇರುತ್ತದೆ, ದೆವ್ವಕ್ಕೆ ನಕ್ಕು ಜಗಳಕ್ಕೆ ಅಳುವ ಮಗು ಇರುತ್ತದೆ. ಮನೆಯವರಿಗೆ ಗೊತ್ತಿರುವುದು ತಮ್ಮ ಮಗು, ಗೊತ್ತಿಲ್ಲದಿರುವುದು ಚಿತ್ರ. ಬ್ರಿಟನ್ನಿನ ಮಂಡಳಿ ಇದನ್ನು ಆಗಲೇ ಮಾಡುತ್ತಿದೆ. ಚಿತ್ರ ಶುರುವಾಗುವ ಮುಂಚಿನ ಕಪ್ಪು ಕಾರ್ಡಿನಲ್ಲಿ ಒಂದು ಸಾಲು, ವೆಬ್‌ಸೈಟಿನಲ್ಲಿ ವಿವರ. ಅಲ್ಲಿ ಬಿಡುಗಡೆಯಾದ ಭಾರತೀಯ ಚಿತ್ರಗಳ ವಿವರವೂ ಅದರಲ್ಲಿರುತ್ತದೆ, ಉಚಿತವಾಗಿ. ನಮ್ಮ ಮಂಡಳಿ ಕಾರಣ ಹೇಳಲು ಶುರುಮಾಡುವವರೆಗೆ, ಅಲ್ಲೂ ತೆರೆಕಂಡ ಚಿತ್ರವಾದರೆ ಶಿವಮೊಗ್ಗದಲ್ಲಿ ಕೂತವರೂ ಟಿಕೆಟ್ ಬುಕ್ ಮಾಡುವ ಮೊದಲು ಆ ಪುಟ ಒಮ್ಮೆ ತೆರೆದು ನೋಡಬಹುದು.